ಕೆಂಪು ಗುಂಡಿಯ ವೋಟು

"ಕಣ್ಮುಚ್ಚಿ! ಕದ್ದು ನೋಡಿದವರ ವೋಟು ಕ್ಯಾನ್ಸಲ್!" ಸ್ಟೀಲ್ ಲೋಟವನ್ನು ನೆಲದ ಮೇಲಿಟ್ಟು ಅಪ್ಪ ಕೂಗಿದ.

ಜೀರುಂಡೆ ಕಣ್ಣು ಮುಚ್ಚಿದಳು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಎದ್ದಾಗಿನಿಂದ ಮಲಗುವವರೆಗೆ ಅವಳ ಬಾಯಿ ಗುಯ್ ಎನ್ನುತ್ತಲೇ ಇರುತ್ತದೆ ಎಂದು ಅಪ್ಪ ಇಟ್ಟ ಹೆಸರೇ ಮನೆಯಲ್ಲಿ ಉಳಿದುಬಿಟ್ಟಿತ್ತು.

ಅವಳ ಮುಷ್ಟಿಯಲ್ಲಿ ಎರಡು ಗುಂಡಿಗಳಿದ್ದವು. ಸೋಫಾದ ಬೆನ್ನಿಗೆ ಹೊಲಿಯುವ, ಬಟ್ಟೆ ಸುತ್ತಿದ ದಪ್ಪ ಗುಂಡಿಗಳು. ಕೆಂಪು ಅಂದರೆ ಹೂಂ, ಕಂದು ಅಂದರೆ ಊಹೂಂ. ಮನೆಯಲ್ಲಿ ದೊಡ್ಡ ವಿಷಯ ಏನೇ ಬಂದರೂ ಅಪ್ಪ, ಅಮ್ಮ, ಜೀರುಂಡೆ ಮೂವರೂ ಲೋಟಕ್ಕೆ ಒಂದೊಂದು ಗುಂಡಿ ಹಾಕಬೇಕು. ಹೋದ ಸಲ ನಾಯಿಮರಿ ತರುವ ವಿಷಯದಲ್ಲಿ ಲೋಟದಲ್ಲಿ ಕೆಂಪು ಇದ್ದದ್ದು ಜೀರುಂಡೆಯದೊಂದೇ, ಉಳಿದೆರಡೂ ಕಂದು. ಅವಳು ಎಷ್ಟು ಮೂತಿ ಊದಿಸಿಕೊಂಡರೂ ಅಪ್ಪ ಜಗ್ಗಿರಲಿಲ್ಲ. "ವೋಟು ಅಂದ್ರೆ ವೋಟು ಕಣೇ. ಸೋತ್ಮೇಲೆ ಗೊಣಗೋ ಹಾಗಿಲ್ಲ."

ಇವತ್ತಿನ ವಿಷಯ ಅಪ್ಪನ ಕೆಲಸ.

ಅಪ್ಪ ಹಳೆಯ ಸೋಫಾಗಳನ್ನು ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಹಾಲ್ ಅವನ ಅಂಗಡಿ. ಈಗ ಸೋಫಾ ಫ್ಯಾಕ್ಟರಿಯ ಮ್ಯಾನೇಜರ್ ಬಂದು, ತಿಂಗಳ ಸಂಬಳದ ಮೇಲೆ ಅವನನ್ನು ಕರೆದಿದ್ದರು. ಆ ರಾತ್ರಿ ಅಡುಗೆಮನೆಯಲ್ಲಿ ನಡೆದ ಅಮ್ಮ ಅಪ್ಪನ ಮಾತು ಜೀರುಂಡೆಗೆ ಕೇಳಿಸಿತ್ತು.

"ಒಂದು ತಿಂಗಳು ಮನೆ ತುಂಬ ಸೋಫಾ, ಇನ್ನೊಂದು ತಿಂಗಳು ಒಂದು ಮುರುಕು ಕುರ್ಚೀನೂ ಇಲ್ಲ. ಬಾಡಿಗೆ ಕೇಳೋಕೆ ಬಂದ್ರೆ ನಾನು ಬಾಗಿಲ ಹಿಂದೆ ನಿಂತ್ಕೋಬೇಕು. ನಂಗೆ ಸಾಕಾಗಿದೆ ರೀ."

"ಅದು ಸರಿ ಕಣೇ. ಆದ್ರೆ ಇಲ್ಲಿ ನಂಗೆ ನಾನೇ ಸಾಹೇಬ. ಅಲ್ಲಿ ನೀರು ಕುಡಿಯೋಕೂ ಬೆಲ್ ಆಗೋವರ್ಗೂ ಕಾಯ್ಬೇಕು."

"ಸಾಹೇಬ್ರ ಜೇಬು ನೋಡಿದ್ದೀರಾ? ತೂತು ಹೊಲಿದುಕೊಟ್ಟವಳು ನಾನು!"

ಅಂದರೆ ಅಪ್ಪನದು ಕಂದು, ಅಮ್ಮನದು ಕೆಂಪು. ಉಳಿದದ್ದು ಜೀರುಂಡೆಯದು.

ಅವಳಿಗೆ ಕಳೆದ ಹುಟ್ಟುಹಬ್ಬ ನೆನಪಾಯಿತು. ಹಾಲ್ ತುಂಬ ಯಾರದೋ ಹರಿದ ಸೋಫಾಗಳು, ನಾರು, ಸ್ಪಂಜಿನ ಚೂರು. ಪಕ್ಕದ ಬೆಂಚಿನ ಗೆಳತಿ, ಎರಡು ಜಡೆಯವಳು, ಬಂದಾಗಿನಿಂದ ಸೀನುತ್ತಲೇ ಇದ್ದಳು. "ಏನೇ ಇದು, ಇಷ್ಟೊಂದು ಧೂಳು!" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಈ ಸಲ ಹಾಲ್ ಖಾಲಿ ಇರಬೇಕು. ಎಲ್ಲರ ಮನೆಯ ಹಾಲ್‌ನ ಹಾಗೆ.

ಜೀರುಂಡೆ ಕೆಂಪು ಗುಂಡಿ ಹಾಕಿದಳು. ಟಪ್ ಎಂದು ಸಣ್ಣ ಸದ್ದಾಯಿತು.

ಅಪ್ಪ ಲೋಟ ಬೋರಲು ಹಾಕಿದ. ಎರಡು ಕೆಂಪು, ಒಂದು ಕಂದು. ಅವನು ಆ ಕಂದು ಗುಂಡಿಯನ್ನು ಎತ್ತಿ, ಅದರ ಮೇಲಿನ ಧೂಳನ್ನು ಉಫ್ ಎಂದು ಊದಿದ.

"ಸರಿ! ಗೆದ್ದವರು ಟೀ ಮಾಡ್ಬೇಕು," ಎಂದ. ಒಂದು ಮಾತೂ ಗೊಣಗಲಿಲ್ಲ.

ಕೊನೆಯ ಸೋಫಾ ಟೆಂಪೋ ಹತ್ತಿ ಹೋಯಿತು. ಅಮ್ಮ ಹಾಲ್‌ನ ನೆಲವನ್ನು ತೊಳೆದು, ಒರೆಸಿ, ಮತ್ತೊಮ್ಮೆ ಒರೆಸಿದಳು. ಜೀರುಂಡೆಗೆ ಹೊಸ ಶೂ ಬಂತು. ಈಗ ತಿಂಗಳ ಕೊನೆಯಲ್ಲೂ ಅಮ್ಮ ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದಳು.

ಆದರೆ ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಅಪ್ಪ ಇರುತ್ತಿರಲಿಲ್ಲ. ಮೊದಲಾದರೆ ಗಾಳಿ ಚೆನ್ನಾಗಿ ಬೀಸಿದ ದಿನ ಅರ್ಧ ಹೊಲಿದದ್ದನ್ನು ಹಾಗೇ ಬಿಟ್ಟು, ಗಾಳಿಪಟ ಹಿಡಿದು ಬಂದುಬಿಡುತ್ತಿದ್ದ. "ಸೋಫಾಕ್ಕೆ ಕಾಲಿದ್ರೂ ಓಡಿಹೋಗಲ್ಲ, ನಡಿ!" ಎನ್ನುತ್ತಿದ್ದ. ಜೋರು ಮಾಡುವ ಗಿರಾಕಿಗೆ ಕೈಮುಗಿದು, "ನಿಮ್ಮ ಕುರ್ಚಿ ನೀವೇ ಇಟ್ಕೊಳ್ಳಿ ಸಾರ್," ಎಂದು ವಾಪಸ್ಸು ಕಳಿಸುತ್ತಿದ್ದ. ಆಗೆಲ್ಲ ಅಮ್ಮ ಹಣೆ ಚಚ್ಚಿಕೊಂಡರೆ, ಜೀರುಂಡೆ ಹೊಟ್ಟೆ ಹಿಡಿದು ನಗುತ್ತಿದ್ದಳು.

"ಅಪ್ಪಾ, ಅಲ್ಲಿ ಎಂಥ ಸೋಫಾ ಮಾಡ್ತೀಯ?" ಒಂದು ದಿನ ಊಟಕ್ಕೆ ಕೂತಾಗ ಅವಳು ಕೇಳಿದಳು.

"ಸೋಫಾ ಅಲ್ವೇ. ಎಡಗೈ."

"ಎಡಗೈಯಾ?"

"ಸೋಫಾದ ಎಡಗಡೆ ಕೈ. ಬಟ್ಟೆ ಎಳಿ, ಪಿನ್ ಹೊಡೆಯೋ ಗನ್ ಬೆರಳಲ್ಲಿ ಒತ್ತು, ಮುಂದಕ್ಕೆ ತಳ್ಳು. ಬಲಗೈ ಇನ್ನೊಬ್ಬರದು."

"ಮತ್ತೆ ಪೂರ್ತಿ ಸೋಫಾ?"

"ಅದು ಆಚೆ ಕೊನೇಲಿ ಎಲ್ಲೋ ಆಗುತ್ತಂತೆ. ನಾನಿನ್ನೂ ನೋಡಿಲ್ಲ."

ಜೀರುಂಡೆಗೆ ನಗು ಬಂತು. ಅಪ್ಪನೂ ನಕ್ಕ. ಆದರೆ ಅವನ ನಗು ಅರ್ಧಕ್ಕೇ ನಿಂತುಹೋಯಿತು.

ಹುಟ್ಟುಹಬ್ಬ ಬಂತು. ಅಪ್ಪನಿಗೆ ರಜೆ ಸಿಗಲಿಲ್ಲ. ಗೆಳತಿಯರೆಲ್ಲ ಖಾಲಿ ಹಾಲ್‌ನಲ್ಲಿ ಗೋಡೆಗೆ ಒರಗಿ, ಸಾಲಾಗಿ ಕೂತರು. ಆಸ್ಪತ್ರೆಯಲ್ಲಿ ಸರದಿ ಕಾಯುವವರ ಹಾಗೆ.

"ಸೋಫಾಗಳೆಲ್ಲಿ?" ಎರಡು ಜಡೆಯವಳು ಕೇಳಿದಳು.

"ಎಲ್ಲಾ ಹೋದ್ವು. ಈಗ ನೀಟಾಗಿದೆ ಅಲ್ವಾ?"

"ನೀಟಾಗೇನೋ ಇದೆ... ಆದ್ರೆ ಜಿಗಿಯೋದು ಎಲ್ಲಿ? ನಿಮ್ಮಪ್ಪ ಸೋಫಾದ ಹೊಟ್ಟೆ ಬಿಚ್ಚಿ ಗೋಲಿ, ಕ್ಲಿಪ್ಪು ಎಲ್ಲ ತೆಗೆದುಕೊಡ್ತಿದ್ರಲ್ಲ? ನಾನು ಅದಕ್ಕೇ ಬಂದಿದ್ದು."

"ನೀನೇ ತಾನೆ ಧೂಳು ಧೂಳು ಅಂತ ಸೀನ್ತಿದ್ದವಳು?"

"ಸೀನಿದ್ರೇನೀಗ? ನಮ್ಮನೇಲೂ ಸೀನ್ತೀನಿ!"

ಕೇಕ್ ಮುಗಿಯಿತು. ಗೆಳತಿಯರು ಬೇಗ ಹೊರಟುಹೋದರು.

ಹೊಸದಾಗಿ ವೋಟು ಹಾಕೋಣ ಎಂದು ಅಪ್ಪನಿಗೆ ಹೇಳಿಬಿಡಬೇಕು. ಜೀರುಂಡೆ ಕಿಟಕಿಯ ಬಳಿ ನಿಂತು ಆ ಮಾತನ್ನು ಬಾಯಿಯೊಳಗೇ ಸರಿಮಾಡಿಕೊಂಡಳು.

ಸಂಜೆ ಅಪ್ಪ ಬಂದ. ಬಗಲಲ್ಲಿ ದೊಡ್ಡ ಕಲರ್ ಪೆನ್ಸಿಲ್ ಡಬ್ಬಿ. ಅವಳು ಅಂಗಡಿಯ ಗಾಜಿನಾಚೆಯಿಂದ ದಿನಾ ನೋಡುತ್ತಿದ್ದ ಡಬ್ಬಿಯೇ.

"ತಗೋ ಜೀರುಂಡೆ. ಐದೇ ನಿಮಿಷ ಕಾಲು ಚಾಚ್ತೀನಿ. ಆಮೇಲೆ ಕೇಕು," ಎಂದವನು ಹಾಲ್‌ನ ನೆಲದ ಮೇಲೆ ಮಲಗಿದ. ಮಾತು ಮುಗಿಯುವ ಮೊದಲೇ ಕಣ್ಣು ಮುಚ್ಚಿತು.

ಬಾಗಿಲಲ್ಲಿ ಮನೆ ಓನರ್ ದನಿ ಕೇಳಿಸಿತು. ಅಮ್ಮ ಬಾಗಿಲನ್ನು ಪೂರ್ತಿ ತೆರೆದಳು. "ನಿಮಗೇ ಕಾಯ್ತಿದ್ದೆ. ತಗೊಳ್ಳಿ ಬಾಡಿಗೆ. ಮಗಳ ಬರ್ತ್‌ಡೇ, ಕೇಕ್ ತಿನ್ನದೆ ಹೋಗೋ ಹಾಗಿಲ್ಲ!" ಓನರ್ ಎದುರು ಅಮ್ಮನ ದನಿ ಇಷ್ಟು ಗಟ್ಟಿಯಾಗಿ ಕೇಳಿಸಿ ಎಷ್ಟೋ ಕಾಲವಾಗಿತ್ತು.

ಜೀರುಂಡೆ ಸರಿಮಾಡಿಟ್ಟುಕೊಂಡ ಮಾತು ಬಾಯಲ್ಲೇ ಉಳಿಯಿತು. ಅವಳು ಅಪ್ಪನ ಪಕ್ಕದಲ್ಲಿ ಕೂತಳು.

ಅಪ್ಪನ ಕಣ್ಣು, ಕಾಲು, ಭುಜ ಎಲ್ಲವೂ ಮಲಗಿದ್ದವು. ಬಲಗೈಯ ತೋರುಬೆರಳು ಮಾತ್ರ ಮಲಗಿರಲಿಲ್ಲ. ಅದು ಮಡಚುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಮಡಚುತ್ತಿತ್ತು.

ಅವಳು ಸುಮಾರು ಹೊತ್ತು ಅದನ್ನೇ ನೋಡಿದಳು. ಆಮೇಲೆ ಆ ಬೆರಳನ್ನು ಮೆಲ್ಲಗೆ ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು.

"ಕತ್ತಲೆಯಲ್ಲಿ ಏನೇ ಮಾಡ್ತಿದ್ದೀಯ? ಲೈಟ್ ಹಾಕ್ಲಾ?" ಓನರನ್ನು ಕಳಿಸಿ ಬಂದ ಅಮ್ಮ ಕೇಳಿದಳು.

"ಬೇಡಮ್ಮ. ಸ್ವಲ್ಪ ಹೊತ್ತು ಇರ್ಲಿ."

ಮುಷ್ಟಿಯೊಳಗೆ ಬೆರಳು ಇನ್ನೂ ಒತ್ತುತ್ತಲೇ ಇತ್ತು. ಜೀರುಂಡೆ ಕೈ ಬಿಡಲಿಲ್ಲ.