ಪ್ರಾಸ ತಪ್ಪಿದ ಪ್ರೇಮನಿವೇದನೆ

ವಾಲ್ದೆನೋರನಂಥ ಸೋಮಾರಿ ಕವಿಯನ್ನು ನಮ್ಮ ಸೀಮೆ ಕಂಡಿಲ್ಲ. ಹೆಣ್ಣು ಕಂಡರೆ ಚಂದ್ರ, ಕಣ್ಣು ಕಂಡರೆ ನಕ್ಷತ್ರ. ಅವನ ಉಪಮೆಗಳಿಗೆ ನನ್ನಜ್ಜಿಗಿಂತ ಹೆಚ್ಚು ವಯಸ್ಸು. ಅಂಥವನ ಜೋಡಿಯಾಗಿ ನಾನು, ನೊಯೆಮಿಯಾ, ಐದು ವರ್ಷದಿಂದ ಭಾನುವಾರದ ಸಂತೆಯಲ್ಲಿ ಗಿಟಾರಿನಂಥ ವಿಯೋಲ ಮೀಟುತ್ತ ಹಾಡುತ್ತಿದ್ದೆ. ಅವನದೊಂದು ಪದ್ಯ, ನನ್ನದೊಂದು ಪದ್ಯ, ಎಲ್ಲವೂ ನಿಂತಲ್ಲೇ ಕಟ್ಟಿದ್ದು.

ಹೋದ ವಾರ ಎಲ್ಲರೆದುರು ನನ್ನತ್ತ ತಿರುಗಿ, ನನಗಾಗಿ ಅತ್ತ ಕಣ್ಣೀರಿನಿಂದ ಒಣಗಿದ ನದಿ ತುಂಬಿತೆಂದು ಹಾಡಿದ. ಅತಿಶಯೋಕ್ತಿ. ಆದರೂ ನನ್ನ ಎದೆ ಡವಗುಟ್ಟಿತು, ಅದಕ್ಕೆ ಇವತ್ತಿಗೂ ನಾಚಿಕೆ. ಅದೇ ಪದ್ಯವನ್ನು ಪಕ್ಕದೂರಿನಲ್ಲಿ ಇನ್ನೊಬ್ಬಳಿಗೂ ಹಾಡಿದ್ದನೆಂದು ಆಮೇಲೆ ತಿಳಿಯಿತು. ಬಾಯಿಪಾಠವನ್ನು ಆಶುಕವಿತೆ ಎಂದು ದಾಟಿಸುವುದು ನಮ್ಮಲ್ಲಿ ಕಳ್ಳತನಕ್ಕಿಂತ ಕೀಳು.

ಈ ಭಾನುವಾರ ಹಾಡು ಶುರುವಾಗುವ ಮುಂಚೆಯೇ ಹೇಳಿಬಿಟ್ಟೆ.

"ಇವತ್ತೇ ಕೊನೆ. ಬರೋ ವಾರದಿಂದ ಬೇರೆ ಜೋಡಿ ಹುಡುಕ್ಕೋ."

"ಪದ್ಯ ಹಳೇದು, ಒಪ್ಕೋತೀನಿ ಕಣೇ. ಪ್ರೀತಿ ಹಳೇದಲ್ಲ."

"ಉಪಮೆ ಹಾಕೋದು ಕಾಣದ್ದನ್ನ ಕಾಣಿಸೋಕೆ. ನೀನು ಮುಖ ಮುಚ್ಕೊಳ್ಳೋಕೆ ಹಾಕ್ತೀಯ. ಆ ಚಂದ್ರನ್ನ ತೆಗೆದ್ರೆ ನಿನ್ನ ಹತ್ರ ಏನಿದೆ?"

ಅವನು ವಿಯೋಲದ ತಂತಿ ಬಿಗಿದ. ಕಿವಿ ಕೆಂಪಾಗಿತ್ತು. ಅವನ ಕಿವಿಗಳು ಚೆಂದ, ಅದನ್ನು ನಾನು ಯಾರಿಗೂ ಹೇಳಿಲ್ಲ.

ಮೊದಲ ಸರದಿ ಅವನದು, ಹಾಡತೊಡಗಿದ. "ನೀನು ಕಾಫಿಗೆ ಸಕ್ಕರೆ ಹಾಕಲ್ಲ. ಹಾಡೋ ಮುಂಚೆ ಎಡಗಾಲಿನ ಚಪ್ಪಲಿ ಬಿಡ್ತೀಯ. ಐದು ವರ್ಷದಿಂದ ನೋಡ್ತಾ ಇದ್ದೀನಿ. ನೀನು ಹೋದ್ರೆ ನಂಗೆ ಭಯ ಆಗುತ್ತೆ."

ಒಂದು ಸಾಲಿಗೂ ಇನ್ನೊಂದಕ್ಕೂ ಪ್ರಾಸವಿಲ್ಲ. ನಮ್ಮ ಹಾಡುಗಾರರಿಗೆ ಅದು ಸಂತೆಯ ನಡುವೆ ಪ್ಯಾಂಟು ಜಾರಿದಂತೆ. ಜನ ಗೊಳ್ಳೆಂದು ನಕ್ಕರು.

"ಏನಯ್ಯಾ, ನಿನ್ನ ಪ್ರಾಸಾನ ನನ್ನ ಆಡು ತಿಂದ್ಬಿಡ್ತಾ?" ಎಂದ ಆಡಿನ ವ್ಯಾಪಾರಿ.

ಮೊದಲಿನವರ ಕೊನೆಯ ಸಾಲಿನ ಪ್ರಾಸದಿಂದಲೇ ಎದುರಿನವರು ಎತ್ತಿಕೊಳ್ಳಬೇಕು, ಅದು ನಮ್ಮ ಕಟ್ಟಳೆ. ಎತ್ತಿಕೊಳ್ಳದೆ ವಿಯೋಲ ಕೆಳಗಿಟ್ಟರೆ ಜೋಡಿ ಮುರಿದಂತೆ. ಐದು ವರ್ಷದಲ್ಲಿ ಅವನು ಹಾಡಿದ ಅತಿ ಕೆಟ್ಟ ಪದ್ಯವದು. ಆದರೆ ಅದನ್ನು ಬೇರೆ ಯಾರಿಗೂ ಹಾಡಿರಲು ಸಾಧ್ಯವೇ ಇರಲಿಲ್ಲ. ಈ ದಡ್ಡ ನನಗೆ ಬೇಕಾಗಿದ್ದ.

ತಂತಿ ಮೀಟಿದೆ.

"ಇಂಥ ಪೆದ್ದನ್ನ ಒಂಟಿ ಬಿಟ್ರೆ ಊರೇ ನಗುತ್ತೆ," ಎಂದು ಎತ್ತಿಕೊಂಡೆ. ಎರಡನೆಯ ಸಾಲು ಹಾಡುವಾಗ ಅವನ ಮುಖ ನೋಡಬಾರದಿತ್ತು.

"ಅದಕ್ಕೇ ನಾನು ಎಲ್ಲೂ ಹೋಗಲ್ಲ," ಎಂದುಬಿಟ್ಟೆ, ಪ್ರಾಸ ನನಗೂ ತಪ್ಪಿತು.