ಎರಡು ಲೈನು, ಒಂದೇ ಸೇತುವೆ

"ಸಿಯಾಬೊಲೆ ಶುಶ್ರೂಷಾ ಕಾಲೇಜಿನ ನಿರ್ಲಕ್ಷ್ಯದಿಂದಲೇ ಸಂಪರ್ಕ ಕಡಿದುಹೋಗಿದೆ ಎಂಬುದು ಈ ವರದಿಯ ತೀರ್ಮಾನ."

ಆ ಕಾಲೇಜಿನ ಕಂಪ್ಯೂಟರು, ಲೈನು ನೋಡಿಕೊಳ್ಳುವ ಚೋಲ್ವೆ ಬಾಗಿಲಲ್ಲೇ ನಿಂತುಬಿಟ್ಟಳು.

ಆ ಧ್ವನಿ...

ಎರಡು ವರ್ಷಗಳಿಂದ ಫೋನಿನಲ್ಲಿ ಕೇಳಿದ ಧ್ವನಿ. ಮುಖ ಮಾತ್ರ ಇವತ್ತೇ ಮೊದಲು. ಎತ್ತರದ ಆಳು, ಬಡಕಲು ಮೈ, ದಪ್ಪ ಕನ್ನಡಕ. ಓದುತ್ತಿದ್ದವನು ತಲೆಯೆತ್ತಿದ. 

"ಬನ್ನಿ ಮೇಡಂ. ಕೂತ್ಕೊಳ್ಳಿ," ಎಂದ ಅಕಪೆಲ್ವ.

ಮೇಡಂ? ವರದಿಗಿಂತ ಆ ಒಂದು ಪದವೇ ಹೆಚ್ಚು ಚುಚ್ಚಿತು.

ಅವಳು ತೋಂಗಾ, ಅವನು ಲೋಜಿ. ಆ ಎರಡು ಕುಲದವರು ಹುಟ್ಟಿನಿಂದಲೇ ಅತ್ತೆ–ಮಾವನ ಮಕ್ಕಳಿದ್ದಂತೆ. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಹಂಗಿಸಬಹುದು. ಸಾವಿನ ಮನೆಯಲ್ಲೂ ಹಂಗಿಸಬಹುದು. ಕೋಪ ಮಾತ್ರ ಮಾಡಿಕೊಳ್ಳುವಂತಿಲ್ಲ. ಹನ್ನೊಂದು ಕಾಲೇಜುಗಳಿಗೆ ಲೈನು ಕೊಡುವುದು ಕಫುವೆ ಕಾಲೇಜು ಜಾಲ. ಅವುಗಳಲ್ಲಿ ಎಲ್ಲಿ ಇಂಟರ್‌ನೆಟ್ ಕೆಟ್ಟರೂ ಲುಸಾಕಾದ ಈ ಕಚೇರಿಗೆ ಫೋನ್ ಮಾಡಬೇಕು. ಆ ಫೋನ್ ಎತ್ತುತ್ತಿದ್ದವನು ಅಕಪೆಲ್ವ.

"ಏನೇ ಅತ್ತೆ ಮಗಳೇ, ಹಸು ಕೇಬಲ್ ತಿಂತಾ?"

"ಹಸು ಎಲ್ಲಿದೆ ಭಾವ, ನಿಮ್ಮಜ್ಜ ದಂಡೆತ್ತಿ ಬಂದು ಎಲ್ಲಾ ಹೊಡ್ಕೊಂಡು ಹೋದ್ನಲ್ಲ."

ಹೀಗೆ ಬೈದಾಡಿಕೊಳ್ಳುತ್ತಲೇ ಎಷ್ಟೋ ಲೈನುಗಳು ರಿಪೇರಿಯಾದವು. ಈಚೆಗೆ ಲೈನು ಚೆನ್ನಾಗಿರುವ ದಿನ ಅವಳಿಗೆ ಏನೋ ಕಳೆದುಕೊಂಡಂತೆ ಆಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಇವತ್ತು ಅದೇ ಬಾಯಿ ಅವಳನ್ನು ಅಪರಾಧಿ ಎನ್ನುತ್ತಿದೆ.

ಹೋದ ಮಂಗಳವಾರ ನರ್ಸಿಂಗ್ ಅಂತಿಮ ಪರೀಕ್ಷೆ. ನೂರ ಹದಿನೆಂಟು ಹುಡುಗಿಯರು ಕಂಪ್ಯೂಟರಿನ ಮುಂದೆ ಕೂತು ಉತ್ತರ ಬರೆಯುತ್ತಿದ್ದರು. ಒಂಬತ್ತು ನಲವತ್ತಕ್ಕೆ ಸಂಪರ್ಕ ಸತ್ತಿತು. ಮರಳಿ ಬಂದದ್ದು ಆರು ಗಂಟೆಗಳ ನಂತರ. ಉತ್ತರಗಳೆಲ್ಲ ಮಾಯ.

ತಪ್ಪು ಕಾಲೇಜಿನದಾದರೆ ಪರೀಕ್ಷೆ ರದ್ದು, ಹುಡುಗಿಯರು ಮುಂದಿನ ವರ್ಷದವರೆಗೆ ಕಾಯಬೇಕು. ಜಾಲದ್ದಾದರೆ ಎರಡು ವಾರದೊಳಗೆ ಮರುಪರೀಕ್ಷೆ. ಅದನ್ನು ಇವತ್ತು ಸಂಜೆಯೊಳಗೆ ತೀರ್ಮಾನಿಸಬೇಕಾದವರು ಮೇಜಿನ ತುದಿಯಲ್ಲಿ ಕೂತ ಪರೀಕ್ಷಾ ಮಂಡಳಿಯ ಶ್ರೀಮತಿ ಕಟೊಂಗೊ.

ಒಂದು ವರ್ಷ... ಹೊಲ ಮಾರಿ ಮಗಳನ್ನು ಓದಿಸಿದ ತಾಯಿಗೆ ಒಂದು ವರ್ಷ ಎಂದರೇನೆಂದು ಈ ತಂಪು ಕೋಣೆಯಲ್ಲಿ ಕೂತವರಿಗೆ ಗೊತ್ತೇ? ಅಷ್ಟರಲ್ಲಿ ಎಷ್ಟು ಹುಡುಗಿಯರಿಗೆ ಮದುವೆ ಮಾಡಿ ಕಳಿಸುತ್ತಾರೋ. ಮತ್ತೆ ಪುಸ್ತಕ ಹಿಡಿಯುವವರು ಎಷ್ಟು ಜನವೋ.

ಚೋಲ್ವೆ ಎದ್ದು ನಿಂತಳು. "ನಮಗೆ ಬರೋದು ಎರಡು ಲೈನು. ಒಂದು ಕಡಿದ್ರೆ ಇನ್ನೊಂದು ನಡೀಬೇಕು. ಅವತ್ತು ಎರಡೂ ಒಂದೇ ಗಳಿಗೇಲಿ ಸತ್ವು. ಅದು ಹೇಗೆ?"

ಜಾಲದ ನಿರ್ದೇಶಕ ಡಾಕ್ಟರ್ ಸಿಚಿಂಗಾ ನಕ್ಕರು. "ನಿಮ್ಮ ಕಾಲೇಜಿನ ಯಂತ್ರದ ಕೋಣೇಲಿ ಕರೆಂಟು ಹೋದ್ರೆ ಎರಡಲ್ಲ, ಹತ್ತು ಲೈನು ಇದ್ರೂ ಸಾಯ್ತಾವೆ."

"ಕರೆಂಟು ಇತ್ತು. ಹುಡುಗೀರ ಕಂಪ್ಯೂಟರ್ ಒಂದೂ ಆರ್ಲಿಲ್ಲ."

"ಅದಕ್ಕೆ ಸಾಕ್ಷಿ ನೀವೇ, ಅಲ್ವಾ?"

ಅವಳು ಅಕಪೆಲ್ವನತ್ತ ತಿರುಗಿದಳು. "ನಕ್ಷೆ ಬರೆದೋರು ನೀವು. ಹೇಳಿ, ಎರಡೂ ಲೈನು ಬೇರೆ ಬೇರೆ ದಾರೀಲಿ ಬರ್ತಾವಾ?"

ಅವನು ನಿರ್ದೇಶಕರ ಮುಖ ನೋಡಿದ. 

"ಊಟದ ಹೊತ್ತಾಯ್ತು," ಎಂದರು ಡಾಕ್ಟರ್ ಸಿಚಿಂಗಾ.

ಕಚೇರಿಯ ಹಿಂದಿನ ಕ್ಯಾಂಟೀನಿನಲ್ಲಿ ಎನ್‌ಶಿಮಾದ ತಟ್ಟೆ ಹಿಡಿದು ಅವನು ಅವಳೆದುರು ಬಂದು ಕೂತ. ಇಬ್ಬರೂ ಆ ಮೆಕ್ಕೆಜೋಳದ ಮುದ್ದೆ ಮುರಿಯಲಿಲ್ಲ.

ಬಡಿಸುವ ಹೆಂಗಸು ಇಬ್ಬರನ್ನೂ ನೋಡಿದಳು. "ತೋಂಗಾ ಒಬ್ಳು, ಲೋಜಿ ಒಬ್ಬ, ಎದುರುಬದುರು ಕೂತ್ರೂ ಬೈಗುಳ ಇಲ್ಲ. ಯಾರ್ ಸತ್ರು?"

ಯಾರೂ ನಗಲಿಲ್ಲ. ಬಡಿಸುವವಳು ಸರಿದುಹೋದಳು.

"ಚೋಲ್ವೆ, ನಾನು ನಿಂಗೆ ಹೇಳಿದ್ದೆ," ಎಂದ ಮೆಲ್ಲಗೆ. "ಮಾರ್ಚ್‌ನಲ್ಲಿ."

"ಏನು ಹೇಳಿದ್ದೆ?"

"ನಿಮ್ಮ ಎರಡನೇ ಲೈನು ಮೊದಲನೇದರ ಬೆನ್ನಿಗೆ ಕಟ್ಟಿದ ಕೂಸು, ತಾಯಿ ಮುಗ್ಗರಿಸಿದ್ರೆ ಇಬ್ಬರೂ ಬೀಳ್ತಾರೆ ಅಂತ."

ಅವಳಿಗೆ ನೆನಪಾಯಿತು. ಅವತ್ತು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಲೋಜಿ ಗಂಡಸರಿಗೆ ಕೂಸು ಹೊರೋದು ಅಂದ್ರೆ ಅಷ್ಟು ಭಯವಾ ಎಂದು ತಿರುಗಿಸಿ ಹೊಡೆದಿದ್ದಳು. ಅದು ತಮಾಷೆ ಅಂದುಕೊಂಡಿದ್ದಳಲ್ಲ...

"ಅದು ನಿಜವಾ?"

"ಎರಡು ಕಂಪನಿಯ ಲೈನು ಅಂತ ತಗೊಂಡ್ವಿ. ಆದ್ರೆ ಹೊಳೆ ದಾಟೋ ಕಡೆ ಎರಡೂ ಒಂದೇ ಸೇತುವೆಯ ಒಂದೇ ಪೈಪಿನಲ್ಲಿ ಬರ್ತಾವೆ. ನಂಗೆ ಗೊತ್ತಾದಾಗ ನಿರ್ದೇಶಕರು ಜಾಲ ಉದ್ಘಾಟನೆ ಮಾಡಿ ಎರಡು ದಾರಿ, ಎರಡು ದಾರಿ ಅಂತ ಭಾಷಣ ಮಾಡಿ ಆಗಿತ್ತು. ಬರವಣಿಗೇಲಿ ಹಾಕಿದ್ರೆ ಕೆಲಸ ಇರಲ್ಲ ಅಂದ್ರು. ಕಚೇರಿ ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತೆ. ಅದಕ್ಕೇ ಹಂಗಿಸೋ ಹಾಗೆ ಹೇಳ್ದೆ. ನಿಂಗೆ ಅರ್ಥ ಆಗುತ್ತೆ ಅಂದ್ಕೊಂಡೆ."

ಅವಳು ತಟ್ಟೆ ಪಕ್ಕಕ್ಕೆ ತಳ್ಳಿದಳು.

"ನಿನ್ನ ಕೆಲಸ ಉಳೀತು. ನನ್ನ ಹುಡುಗೀರ ವರ್ಷ ಹೋಯ್ತು."

"ಚೋಲ್ವೆ..."

"ಬೈದ್ರೆ ನಾನು ಕೋಪ ಮಾಡ್ಕೊಳ್ಳೋ ಹಾಗಿಲ್ಲ. ಆದ್ರೆ ನೀನು ಇವತ್ತು ಬೈಲಿಲ್ಲ, ಸುಳ್ಳು ಓದಿದೆ. ಅದಕ್ಕೆ ಯಾವ ನೆಂಟಸ್ತಿಕೇಲೂ ಮಾಫಿ ಇಲ್ಲ."

ಎರಡು ಗಂಟೆಗೆ ಸಭೆ ಮತ್ತೆ ಸೇರಿತು. ಅವಳು ಕೂರಲೇ ಇಲ್ಲ.

"ಮಾರ್ಚ್ ತಿಂಗಳ ನನ್ನ ಕರೆ ರೆಕಾರ್ಡ್ ಆಗಿದೆ. ಎರಡು ಲೈನೂ ಒಟ್ಟಿಗೆ ಬೀಳ್ತಾವೆ ಅಂತ ನಿಮ್ಮ ಕಚೇರಿಯೋರೇ ಹೇಳಿದ್ದಾರೆ. ಹಾಕಿಸಿ, ಕೇಳೋಣ."

ಹಾಕಿಸಿದರು. ಬೆನ್ನಿನ ಕೂಸಿನ ಮಾತು ಬಂತು. ಅವಳ ನಗು ಬಂತು. ಆ ನಗು ಅವಳಿಗೇ ಕೇಳಲಾಗಲಿಲ್ಲ.

ಡಾಕ್ಟರ್ ಸಿಚಿಂಗಾ ಕುರ್ಚಿಗೆ ಒರಗಿದರು. "ಇದು ತೋಂಗಾ–ಲೋಜಿ ಕುಚೋದ್ಯ ಕಣಮ್ಮ. ಇಂಥಾ ಮಾತನ್ನ ಈ ದೇಶದಲ್ಲಿ ಯಾರಾದ್ರೂ ಸಾಕ್ಷಿ ಅಂತ ಹಿಡೀತಾರಾ?"

ಶ್ರೀಮತಿ ಕಟೊಂಗೊ ಕೂಡ ತಲೆಯಾಡಿಸಿದರು. "ನೋಡಮ್ಮ, ಇದರ ಮೇಲೆ ನಾನು ಬರೆಯೋಕಾಗಲ್ಲ."

ಅವರು ಪೆನ್ನು ಎತ್ತಿಕೊಂಡರು. ಮೇಲಿನವರ ಸುಳ್ಳಿಗೆ ಮೊಹರು ಬೀಳಲು ಎಷ್ಟು ಹೊತ್ತು ಬೇಕು? ನೂರ ಹದಿನೆಂಟು ಹೆಸರುಗಳು ಆ ಪೆನ್ನಿನ ತುದಿಯಲ್ಲಿ ತೂಗುತ್ತಿದ್ದವು.

ಕುರ್ಚಿಯೊಂದು ಕಿರುಗುಟ್ಟಿತು.

"ಅದು ಕುಚೋದ್ಯ ಅಲ್ಲ," ಎಂದ ಅಕಪೆಲ್ವ.

"ಅಕಪೆಲ್ವ, ಕೂತ್ಕೋ," ಎಂದರು ನಿರ್ದೇಶಕರು.

ಅವನು ಕೂರಲಿಲ್ಲ. ಜೇಬಿನಿಂದ ಎರಡು ಹಾಳೆ ತೆಗೆದು ನೇರ ಶ್ರೀಮತಿ ಕಟೊಂಗೊ ಅವರ ಮುಂದಿಟ್ಟ. "ಕೇಬಲ್ ಒಳಗೆ ಬೆಳಕು ಬಿಟ್ರೆ ಎಷ್ಟು ದೂರದಲ್ಲಿ ಕಡಿದಿದೆ ಅಂತ ಯಂತ್ರ ಹೇಳುತ್ತೆ. ಮಂಗಳವಾರ ನಾನೇ ಎರಡೂ ಲೈನು ಅಳೆದೆ. ಎರಡರ ದೂರವನ್ನೂ ನಕ್ಷೆ ಮೇಲಿಟ್ಟು ನೋಡಿ. ಎರಡೂ ಸೇತುವೆ ಮೇಲೇ ನಿಲ್ತಾವೆ. ಅವತ್ತು ರಸ್ತೆ ಅಗಲ ಮಾಡೋ ಯಂತ್ರ ಆ ಪೈಪನ್ನೇ ಕಿತ್ತು ಹಾಕಿತು. ಕಾಲೇಜಿನ ತಪ್ಪು ಎಳ್ಳಷ್ಟೂ ಇಲ್ಲ. ಬೆಳಗ್ಗೆ ಓದಿದ್ದು ಸುಳ್ಳು ಅಂತ ಗೊತ್ತಿದ್ದೇ ಓದಿದೆ. ಅದನ್ನೂ ಬರ್ಕೊಳ್ಳಿ."

ಶ್ರೀಮತಿ ಕಟೊಂಗೊ ಎರಡೂ ಹಾಳೆಗಳನ್ನು ಪಕ್ಕಪಕ್ಕಕ್ಕಿಟ್ಟು ಬೆರಳಾಡಿಸಿದರು. 

"ಹದಿನಾಲ್ಕನೇ ದಿನ ಮರುಪರೀಕ್ಷೆ. ಅಷ್ಟರೊಳಗೆ ಹೊಳೆ ಮುಟ್ಟದ ಇನ್ನೊಂದು ಲೈನು ಬೇಕು," ಎಂದು ಬರೆದು ಸಹಿ ಹಾಕಿದರು.

 ಚೋಲ್ವೆ ಆಗ ಕೂತಳು.

"ನಿನ್ನ ಕಚೇರಿ ಗುರುತಿನ ಚೀಟಿ ಇಲ್ಲಿಟ್ಟು ಹೋಗು," ಎಂದರು ಡಾಕ್ಟರ್ ಸಿಚಿಂಗಾ. ಅಕಪೆಲ್ವ ಕೊರಳಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟ.

ಗೇಟಿನ ಹೊರಗೆ ಬಿಸಿಲು ಸುಡುತ್ತಿತ್ತು. ಅವಳು ಬಸ್ ನಿಲ್ದಾಣದ ಕಡೆ ಹತ್ತು ಹೆಜ್ಜೆ ಇಟ್ಟವಳು ನಿಂತಳು. ಹಿಂದೆ ಬರುತ್ತಿದ್ದವನೂ ನಿಂತ.

"ಯಾಕೆ ಎದ್ದೆ?" ತಿರುಗದೆಯೇ ಕೇಳಿದಳು.

"ರೆಕಾರ್ಡಿನಲ್ಲಿ ನೀನು ನಕ್ಕೆ. ಸಭೇಲಿ ನೀನು ಅಳೋದನ್ನ ತಡ್ಕೊಂಡು ನಿಂತಿದ್ದೆ. ಎರಡಕ್ಕೂ ಕಾರಣ ನಾನೇ... ಕೂರೋಕಾಗ್ಲಿಲ್ಲ."

ಅವಳು ತಿರುಗಿದಳು. ಅವನ ಕನ್ನಡಕದ ಹಿಂದಿನ ಕಣ್ಣು ಕೆಂಪಾಗಿತ್ತು.

"ಒಂದು ಮಾತಿದೆ ಚೋಲ್ವೆ. ಹಂಗಿಸ್ತಾ ಹೇಳಿದ್ರೆ ಸುಲಭ. ಹಾಗೆ ಹೇಳಲ್ಲ." ಅವನು ಕನ್ನಡಕ ತೆಗೆದ. "ನಿನ್ನ ಕಂಡ್ರೆ ನಂಗೆ ಪ್ರೀತಿ. ಮುಖ ನೋಡೋಕೆ ಮುಂಚೇನೇ. ಕ್ಷಮಿಸು ಅಂತ ಕೇಳಲ್ಲ."

ಇವನನ್ನು ನಂಬಬಹುದೇ? ಬೆಳಗ್ಗೆ ಸುಳ್ಳು ಓದಿದವನು ಇವನೇ. ಮಧ್ಯಾಹ್ನ ಎಲ್ಲ ಕಳೆದುಕೊಂಡು ನಿಜ ಹೇಳಿದವನೂ ಇವನೇ. 

"ಕ್ಷಮಿಸಿಲ್ಲ," ಎಂದಳು. "ಪೂರ್ತಿ ಇಲ್ಲ."

"ಸರಿ."

"ಕಾಲೇಜಿನ ಹಿಂದಿನ ಗುಡ್ಡದ ಮೇಲೆ ಕಂಬ ನಿಲ್ಸಿ ರೇಡಿಯೋ ಲೈನು ತರಬೇಕು. ಹದಿನಾಲ್ಕು ದಿನ ಇದೆ. ಸಂಬಳ ಕೊಡೋರು ಯಾರೂ ಇಲ್ಲ."

"ಬರ್ತೀನಿ."

"ಕೆಲಸ ಮುಗಿದ ಮೇಲೆ ನಮ್ಮ ಸೋದರಮಾವನ ಮುಂದೆ ಕೂರಬೇಕು. ನಮ್ಮಲ್ಲಿ ಮದುವೆ ಮಾತು ಕೇಳೋದು ಅವನೇ. ಈಗ ನಂಗೆ ಹೇಳಿದ್ದನ್ನ ಅವನಿಗೂ ಹೇಳಬೇಕು."

 "ಅಂದ್ರೆ... ನೀನೂ?"

"ಲೈನು ಚೆನ್ನಾಗಿದ್ದ ದಿನಾನೂ ಫೋನ್ ಹಿಡ್ಕೊಂಡು ಕೂತಿರ್ತಿದ್ದೆ," ಎಂದಳು.  "ಸಾಕಾ?"

ಅವನು ಅವಳ ಕೈಚೀಲಕ್ಕೆ ಕೈ ಚಾಚಿದ. ಅವಳು ಚೀಲ ಕೊಡಲಿಲ್ಲ, ಅವನ ಅಂಗೈಯಲ್ಲಿ ತನ್ನ ಕೈಯಿಟ್ಟಳು.