ಮರಿಯ ಸಾಲು ಎಲ್ಲಿ?

ಸತ್ತ ಮರಿಯನ್ನು ಮಲಕಮ್ಮ ತಂದು ಇಟ್ಟದ್ದು ಬೀರಣ್ಣನ ಕೀಬೋರ್ಡಿನ ಮೇಲೆ.

"ನಿನ್ನ ಫೋನ್ ಹೇಳಿದಷ್ಟೇ ಜಂತಿನ ಔಷಧ ಹಾಕೀನಿ," ಅಂದಳು. "ಹನಿ ಹೆಚ್ಚಿಲ್ಲ, ಹನಿ ಕಮ್ಮಿ ಇಲ್ಲ. ಇನ್ನೂ ಮೂರು ಮರಿ ನೆಲಾ ಹಿಡದಾವ. ಈಗ ಹೇಳು, ಏನ್ ಮಾಡ್ಲಿ?"

ಮಲಕಮ್ಮ ಅವನ ಸೋದರತ್ತೆ. ಮೇಜಿನ ಮೇಲಿದ್ದ ಅವನ ಫೋನನ್ನು ಸೀರೆಯ ಉಡಿಗೆ ಹಾಕಿಕೊಂಡು ಬಾಗಿಲಿಗೆ ನಡೆದಳು.

"ಅತ್ತೀ, ಫೋನ್ ಕೊಡು! ಸಿದ್ದರಾಮ ಕಾಕಾ ಜಳಕೋಟದ ಕಡೆ ಹಿಂಡ ಹೊಡಕೊಂಡು ಹೋಗ್ಯಾನ. ಅಂವಗ ಹೇಳಬೇಕು."

"ಏನಂತ ಹೇಳ್ತಿ? ಔಷಧ ಕೆಟ್ಟದೋ, ಫೋನ್ ಕೆಟ್ಟದೋ, ನೀ ಕೆಟ್ಟೀಯೋ? ಮೊದಲು ಅದನ್ನ ತಿಳಕೋ."

ಶಟರ್ ಕೆಳಗಿಳಿಯಿತು. ಕೀಲಿ ಬಿತ್ತು. ಉಮರ್ಗಾ ಬಸ್‌ಸ್ಟ್ಯಾಂಡಿನ ಹಿಂದಿನ ಆ ಅಂಗಡಿಗೆ ಇದ್ದದ್ದು ಅದೊಂದೇ ಬಾಗಿಲು. ಮಲಕಮ್ಮನ ಜೊತೆ ಬಂದಿದ್ದ ಯೆಣೆಗೂರಿನ ಕುರಿಗಾರರು ಅದಕ್ಕೇ ಬೆನ್ನು ಕೊಟ್ಟು ಕುಳಿತರು. ತಗಡಿನ ಮೇಲೆ ಅವರ ಬೆನ್ನಿನ ಗುರುತು ಒಳಗೆ ಉಬ್ಬಿ ಕಾಣುತ್ತಿತ್ತು. ಒಳಗೆ ಹೋಗುವವರಿಗೆ ಅಡ್ಡಿಯೇನಿರಲಿಲ್ಲ, ಫೋನು ಮಲಕಮ್ಮನ ಉಡಿಗೆ ಹಾಕಿ ಹೋಗಬೇಕು, ಅಷ್ಟೇ. ಅಡ್ಡಿ ಹೊರಗೆ ಬರುವುದಕ್ಕೆ ಮಾತ್ರ.

ಸುದ್ದಿ ಕೇಳಿ ಮಧ್ಯಾಹ್ನದೊಳಗೆ ಇಬ್ಬರು ಹಾಗೆ ಒಳಗೆ ಬಂದರು. ನಿಲಂಗಾದ ಕಾಲೇಜಿನಲ್ಲಿ ಪಾಠ ಹೇಳುವ ಉಜ್ವಲಾ. ಉದಗೀರದ ಧೀರಜ.

ಮೂವರೂ ಸ್ವತಂತ್ರ ತಂತ್ರಾಂಶ ಬರೆಯುವವರು. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಉಜ್ವಲಾಳದು ಹಾಲಿನ ಲೆಕ್ಕದ್ದು. ಧೀರಜನದು ಬೆಳೆಗೆ ಹೊಡೆಯುವ ಔಷಧದ್ದು. ಬೀರಣ್ಣನ 'ಹಿಂಡು' ಕುರಿಗಾರರಿಗೆ. ಔಷಧದ ಹೆಸರು, ಕುರಿಯ ವಯಸ್ಸು ಒತ್ತಿದರೆ ಎಷ್ಟು ಹಾಕಬೇಕೆಂದು ಫೋನು ಕನ್ನಡದಲ್ಲೂ ಮರಾಠಿಯಲ್ಲೂ ಹೇಳುತ್ತದೆ. ಅಡುಗೆ ಮೂರಾದರೂ ಜರಡಿ ಒಂದೇ. ಜರಡಿಯೆಂದರೆ ಉಜ್ವಲಾ ಬರೆದ ಮೇಕ್‌ಫೈಲ್ ನಿಯಮಗಳು: ಹೊಸ ಆವೃತ್ತಿ ಹೊರಬೀಳುವ ಮುಂಚೆ ಕಂಪ್ಯೂಟರ್ ತಾನೇ ನಡೆಸುವ ತಪಾಸಣೆ. ಒಬ್ಬರು ಪೆಟ್ಟು ತಿಂದು ಕಲಿತದ್ದು ಮೂವರಿಗೂ ದಕ್ಕಲಿ ಎಂದು ಮೂವರೂ ಅದನ್ನೇ ಬಳಸುತ್ತಿದ್ದರು. ಅದರಲ್ಲೊಂದು ನಿಯಮ ಬೀರಣ್ಣನೇ ಕೇಳಿ ಬರೆಸಿದ್ದು: ಯಾವ ಔಷಧದ ಕೋಷ್ಟಕದಲ್ಲಿ ಮರಿಗೆ ಬೇರೆ ಸಾಲಿಲ್ಲವೋ, ಆ ಆವೃತ್ತಿ ಅಲ್ಲೇ ನಿಲ್ಲಬೇಕು.

ಉಜ್ವಲಾ ಮರಿಯನ್ನು ನೋಡಿದಳು. ಫೋನುಗಳಿಗೆ ಹೋದ ಆವೃತ್ತಿಯನ್ನು ಬಿಚ್ಚಿ ನೋಡಿದಳು.

"ಹೊಸ ಔಷಧದ ಕೋಷ್ಟಕದಾಗ ಮರಿ ಸಾಲ ಎಲ್ಲಿ, ಬೀರಣ್ಣಾ?"

"ಇಲ್ಲ ಅಕ್ಕಾ. ಮರಿ ಸಾಲ ಇಲ್ಲಂದ್ರ ದೊಡ್ಡ ಕುರಿ ಅಳತೀನೇ ಹೇಳ್ತದ."

"ತಪಾಸಣಿ ತಡೀಲಿಲ್ಲ?"

"ಎಲ್ಲಾ ಪಾಸ್ ಅಂತ ಬಂದದ."

"ನೀನೇ ಓಡಿಸಿದಿ?"

"ಇಲ್ಲ. ನಾ ಹಿಂಡಿನ ಜೋಡಿ ಅಡವ್ಯಾಗಿದ್ದೆ. ಧೀರಜ ಓಡಿಸಿ ವರದಿ ಕಳಿಸಿದ. ಧಾಬಾದಾಗ ಕುಂತು ಬಿಡುಗಡಿಗೆ ಡಿಜಿಟಲ್ ಸಹಿ ಹಾಕಿದೆ."

ಧೀರಜ ಕೈ ಎತ್ತಿದ. "ನಾ ಬರೇ ಫೈಲ್ ಎಲ್ಲಾ ಕೂಡಿಸಿ ಗಂಟು ಕಟ್ಟಿದಾಂವ ರೀ ಮೇಡಂ. ಸಾಮಾನ ಅವನದು. ಕೋಷ್ಟಕದ ಮೊದಲನೇ ಸಾಲ ಓದ್ರಿ, ಯಾರ ಹೆಸರದ?"

ಬೀರಣ್ಣನದೇ ಹೆಸರು.

"ನೀ ಬರದದ್ದೇನಪ್ಪಾ ಇದು?"

ಬೀರಣ್ಣ ಯೋಚಿಸಿದ. ಕುರಿಹಟ್ಟಿಯಲ್ಲಿ, ಬಸ್ಸಿನಲ್ಲಿ, ಅರೆನಿದ್ದೆಯಲ್ಲಿ ಎಷ್ಟು ಕೋಷ್ಟಕ ಒತ್ತಿದ್ದನೋ. "ನೆನಪಿಲ್ಲ ಅಕ್ಕಾ."

ಶಟರ್ ಗಡಗಡಿಸಿತು. ಕೆಳಗಿನ ಸಂದಿಯಿಂದ ಎಲೆಯೊಂದು ಒಳಗೆ ಸರಿಯಿತು, ಎಲೆಯ ಮೇಲೆ ಕುರಿಗಾರರ ದೇವರು ಬೀರಪ್ಪನ ಭಂಡಾರ, ಹಳದಿ ಅರಿಶಿನ ಪುಡಿ.

"ಏ ಬೀರ್ಯಾ!" ಹೊರಗಿನಿಂದ ಮಲಕಮ್ಮ ಕೂಗಿದಳು. "ಭಂಡಾರ ಮುಟ್ಟಿ ಬೀರಪ್ಪನ ಆಣಿ ಮಾಡು, ನಾ ಬರದಿಲ್ಲ ಅನ್ನು. ಈಗಿಂದೀಗ ಕೀಲಿ ತಗೀತೀನಿ."

ಬೀರಣ್ಣನ ಕೈ ಮುಂದೆ ಹೋಯಿತು. ಅರ್ಧಕ್ಕೆ ನಿಂತಿತು. ಸುಳ್ಳು ಆಣೆ ಮಾಡಿದರೆ ಬೀರಪ್ಪ ಬಿಡುವುದಿಲ್ಲ. ಆಣೆ ಮಾಡದಿದ್ದರೆ ಹೊರಗೆ ಕುಳಿತ ಬೀರಪ್ಪನ ಮಕ್ಕಳು ಬಿಡುವುದಿಲ್ಲ. ಅತ್ತ ಜಳಕೋಟದ ಕಡೆ ಸಿದ್ದರಾಮ ಇದೇ ಔಷಧದ ಬಾಟ್ಲಿ ಒಯ್ದಿದ್ದಾನೆ. ಬೀರಣ್ಣ ಕೈ ಹಿಂದಕ್ಕೆ ತೆಗೆದ.

"ನೋಡಿದ್ರ್ಯಾ?" ಅಂದ ಧೀರಜ. ಆಮೇಲೆ ದನಿ ಮೆತ್ತಗೆ ಮಾಡಿ, "ಖರೆ ಹೇಳ್ಬೇಕಂದ್ರ ತಪ್ಪು ಅವಂದೂ ಅಲ್ಲ. ನಿಮ್ಮ ನಿಯಮದ್ದು. ಬ್ಯಾರೆಯವರ ಜರಡಿ ನೆಚ್ಚಿಕೊಂಡ್ರ ಹಿಂಗೇ. ಇನ್ನ ಮ್ಯಾಲೆ ಅವರವರ ತಪಾಸಣಿ ಅವರವರು ಬರಕೊಳ್ಳೋಣ."

"ಜರಡಿ ಹರದದ ಅಂತಿ?"

ಉಜ್ವಲಾ ಹಳೆಯ ಕೋಷ್ಟಕದಿಂದ ಮರಿಯ ಸಾಲೊಂದನ್ನು ಬೇಕಂತಲೇ ಅಳಿಸಿ ತಪಾಸಣೆ ಓಡಿಸಿದಳು. ಥಟ್ಟನೆ ನಿಂತಿತು; ಕೆಂಪಕ್ಷರದಲ್ಲಿ ಬೈಗುಳ. ಜರಡಿ ನೆಟ್ಟಗಿತ್ತು.

"ಸರ್ವರಿನಿಂದ 'ಹಿಂಡಿ'ನ ಹೊಸಾ ನಕಲು ಇಳಿಸಿ ಮತ್ತ ಗಂಟು ಕಟ್ಟೋಣ. ನಾನೂ, ಬೀರಣ್ಣನೂ."

ಉಜ್ವಲಾಳ ಲ್ಯಾಪ್‌ಟಾಪ್ ಅರ್ಧದಲ್ಲೇ ನಿಂತಿತು: ಹೊಸ ಔಷಧದ ಕೋಷ್ಟಕ ಸಿಗಲಿಲ್ಲ. ಬೀರಣ್ಣನದೂ ನಿಂತಿತು: ಕೋಷ್ಟಕ ಸಿಗಲಿಲ್ಲ.

ಧೀರಜ ನಕ್ಕ. "ಉಮರ್ಗಾದ ನೆಟ್ ರೀ! ಅರ್ಧಾ ಬರ್ತದ, ಅರ್ಧಾ ದಾರ್‍ಯಾಗ ಬೀಳ್ತದ. ನಂದು ನೋಡ್ರಿ."

ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಗುಂಡಿ ಒತ್ತಿದ. ಸರಸರನೆ ಕಟ್ಟಿಕೊಂಡಿತು. ತಪಾಸಣೆ ಪಾಸ್. ಹಸಿರು. "ಕಾಹೀ ಪ್ರಾಬ್ಲೆಮ್ ನಾಹೀ! ಏನೂ ತ್ರಾಸ ಇಲ್ಲ!"

ಉಜ್ವಲಾ ನಗಲಿಲ್ಲ.

"ಧೀರಜ, ನಮ್ಮ ತಪಾಸಣಿ ಯಾವ ಫೈಲ್ ನೋಡ್ತದ?"

"ಎಲ್ಲಾ..."

"ಎಲ್ಲಾ ಅಲ್ಲ. ಫೋಲ್ಡರಿನಾಗ ಕಸಾ ಭಾಳ ಇರ್ತದ. ಅದಕ್ಕ ಗಿಟ್‌ನ ಪಟ್ಟ್ಯಾಗ ದಾಖಲಾದ ಫೈಲ್ ಅಷ್ಟೇ ನೋಡು ಅಂತ ಬರದೀನಿ."

"ಬಣ್ಣದ ಗುರ್ತು ಹಚ್ಚಿದ ಕುರಿ ಅಷ್ಟೇ ಎಣಸ್ತಾರಲ್ಲ, ಹಂಗ," ಅಂದ ಬೀರಣ್ಣ. ಅಂದವನು ತಾನೇ ತಟಕ್ಕನೆ ತಲೆಯೆತ್ತಿದ.

"ಹಂಗೇ. ಗುರ್ತಿಲ್ಲದ ಕುರಿ ಹಿಂಡಿನ ನಡುವ ನಡದು ಹೋದರೂ ಎಣಸಾಂವಗ ಕಾಣಂಗಿಲ್ಲ. ಈ ಕೋಷ್ಟಕ ದಾಖಲಾಗಿದ್ರ ಸರ್ವರಿಗೆ ಹೋಗಿರ್ತಿತ್ತು. ನನಗೂ ಇಳೀತಿತ್ತು, ಬೀರಣ್ಣಗೂ ಇಳೀತಿತ್ತು. ನೆಟ್ ಕೆಟ್ಟದ ಅಂತೀ. ಕೆಟ್ಟ ನೆಟ್ ಇಬ್ಬರ ಕಡಿಂದ ಹುಡುಕಿ ಹುಡುಕಿ ಅದೇ ಒಂದು ಫೈಲ್ ಕದೀತದೇನು?"

ಧೀರಜ ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ. ಉಜ್ವಲಾ ಅದರ ಕೀಬೋರ್ಡಿನ ಮೇಲೆ ಅಂಗೈ ಇಟ್ಟಳು.

"ಆ ಫೈಲ್ ಇರೂದು ಲೋಕದಾಗ ಒಂದೇ ಯಂತ್ರದಾಗ. ಕಟ್ಟಲಿಕ್ಕ ಆಗದವರು ಸಾಚಾ. ಕಟ್ಟಿ ತೋರಿಸಿದಾಂವ ನೀ. ಹಳೇ ಕೋಷ್ಟಕ ನಕಲು ಹೊಡದು ಹೊಸಾದು ಮಾಡಿದಿ. ಮೊದಲನೇ ಸಾಲಿನಾಗ ಬೀರಣ್ಣನ ಹೆಸರ ಹಂಗೇ ಉಳೀತು. ಇವತ್ತ ಅದೇ ಉಪಯೋಗಕ್ಕ ಬಂತು. ಹೌದಲ್ಲೋ?"

ಹೊರಗೆ ಯಾರೋ ಕೆಮ್ಮಿದರು. ಬೆನ್ನಿನ ಗುರುತುಗಳು ತಗಡಿಗೆ ಇನ್ನಷ್ಟು ಒತ್ತಿದವು.

"ಮೊದಲು ದಾಖಲ ಮಾಡೇ ಓಡಿಸಿದ್ದೆ ರೀ," ಅಂದ ಧೀರಜ, ನೆಲ ನೋಡುತ್ತ. "ಮರಿ ಸಾಲಿಲ್ಲ ಅಂತ ನಿಂತಬಿಡ್ತು. ಅಳತಿ ದನದ ಡಾಕ್ಟರಗ ಕೇಳಬೇಕಿತ್ತು, ಅಂವಾ ಊರಾಗಿರಲಿಲ್ಲ. ಶಿರೂರ ಅನಂತಪಾಳದಾಗ ಬಿಡುಗಡಿ ಕಾರ್ಯಕ್ರಮ, ಬ್ಯಾನರ್ ಕಟ್ಟಿಬಿಟ್ಟಿದ್ರು, ಪೇಢಾ ಸುದ್ದಾ ಬಂದಿತ್ತು. ದಾಖಲಿನಿಂದ ತಗದೆ. ಹಸಿರು ಬಂತು. ಮರುದಿನ ಸೇರಸ್ತೀನಿ ಅಂದ್ಕೊಂಡೆ..."

"ಹಾರ ಯಾರ ಕೊರಳಿಗೆ ಬಿತ್ತು?"

ಧೀರಜನ ಕೈ ತನ್ನ ಕೊರಳಪಟ್ಟಿಗೆ ಹೋಯಿತು. ಉಜ್ವಲಾ ಜರಡಿಯ ನಿಯಮಗಳಿಗೆ ಹೊಸದೊಂದನ್ನು ಸೇರಿಸಿದಳು: ಗಂಟಿನೊಳಗೆ ಹೋಗುವ ಯಾವ ಫೈಲೂ ದಾಖಲಿಲ್ಲದೆ ಇರಕೂಡದು. ಮೂವರ ತಂತ್ರಾಂಶಕ್ಕೂ ಕಳಿಸಿದಳು. ಅವಳ ಹಾಲಿನ ಲೆಕ್ಕವೂ ಕೂಡಲೇ ನಿಂತಿತು; ಅಲ್ಲೂ ಒಂದು ದಾಖಲಿಲ್ಲದ ಫೈಲು. "ಹ್ಞಾಂ," ಅಂದಳು, ತುಸು ಕೆಂಪಾಗಿ.

ಶಟರ್ ಅರ್ಧ ಎದ್ದಿತು. ಬಿಸಿಲು ಬೀರಣ್ಣನ ಮೊಣಕಾಲಿನವರೆಗೆ ಬಂತು. ಧೀರಜ ಮೊದಲು ಬಾಗಿದ; ಮಲಕಮ್ಮನ ಕೋಲು ಅಡ್ಡ ಬಂತು.

"ಎಲ್ಲಾ ಕೇಳೀನಿ. ನೀ ಕೂಡು. ತಗೋ ನಿನ್ನ ಫೋನ್, ಡಾಕ್ಟರಗ ಹಚ್ಚು, ಮರಿ ಸಾಲ ಬರಿ."

ಬೀರಣ್ಣ ಉಸಿರು ಬಿಟ್ಟು ಎದ್ದ. ಕೋಲು ಸರಿಯಲಿಲ್ಲ.

"ಬರದಾಂವ ಅಂವಾ. ಖರೆ. ಸಹಿ ಯಾರದು?"

"ನಂದು, ಅತ್ತಿ."

"ನೋಡಿ ಹಾಕಿದಿ?"

"ಇಲ್ಲ."

ಮಲಕಮ್ಮ ಉಡಿಯಿಂದ ಅವನ ಫೋನು ತೆಗೆದು ಶಟರಿನ ಕೆಳಗಿನಿಂದ ಚಾಚಿದಳು. "ಉಳಿದವರಿಗೆ ನಾ ಹೇಳೀನಿ. ಸಿದ್ದರಾಮ ಒಬ್ಬ ನನ್ನ ಫೋನ್ ಎತ್ತಂಗಿಲ್ಲ, ಟಗರಿನ ಜಗಳ ಇನ್ನೂ ಮರತಿಲ್ಲ. ನಿಂದು ಎತ್ತತಾನ."

ಉಜ್ವಲಾಳನ್ನು ಹೊರಗೆ ಬಿಟ್ಟು ಶಟರ್ ಮತ್ತೆ ಇಳಿಯಿತು. ಕತ್ತಲಲ್ಲಿ ಬೀರಣ್ಣ ನಂಬರ್ ಒತ್ತಿದ. ಬಹಳ ಹೊತ್ತು ರಿಂಗಾಯಿತು. ಆಮೇಲೆ ಕುರಿಗಳ ಸದ್ದು, ಗಾಳಿ.

"ಕಾಕಾ, ಆ ಹೊಸಾ ಔಷಧ ಮರಿಗೆ ಹಾಕೀರೇನು?"

"ಈಗ ಪಿಚಕಾರಿ ತುಂಬೀನಿ, ಮರಿ ಕೈಯಾಗ ಹಿಡದೀನಿ. ಯಾಕ?"

"ಚೆಲ್ರಿ ಕಾಕಾ," ಅಂದ ಬೀರಣ್ಣ. "ನಾ ನೋಡದೇ ಸಹಿ ಹಾಕೀನಿ."